ಅಕ್ಷರಕ್ಕೆ ಹಾಕಿದ ಟೋಪಿ

ನಾನು ಬರೆದದ್ದರಲ್ಲಿ ಹೆಚ್ಚು ಜನ ಓದಿದ್ದು ಒಂದೇ ಕಾಗದ. ಅದರಲ್ಲಿರುವುದು ಮೂರು ಸಾಲು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯ ಹುದ್ದೆ ನನಗೆ ಬೇಡ ಎಂದು ಮೇಲಿನ ಕಚೇರಿಗೆ ತೆಲುಗಿನಲ್ಲಿ ಬರೆದುಕೊಟ್ಟ ಪತ್ರ ಅದು. ನಮ್ಮ ಕಡೆಯ ಶಿಕ್ಷಕರು ಇಂಥ ಪತ್ರವನ್ನು ‘ನಾಟ್ ವಿಲ್ಲಿಂಗ್’ ಎನ್ನುತ್ತಾರೆ. ‘ಆಕಿ ನಾಟ್ ವಿಲ್ಲಿಂಗ್ ಕೊಟ್ಟಾಳ’ ಎಂದರೆ ಬಡ್ತಿ ಬಂದಿತ್ತು, ಒಲ್ಲೆ ಎಂದಳು ಎಂದು ಅರ್ಥ. ದೂರದ ಊರಿಗೆ ಹಾಕಿದಾಗ ಗಂಡಸರೂ ಕೊಡುತ್ತಾರೆ. ಹೆಂಗಸರು ಹತ್ತಿರದ ಊರಿಗೆ ಹಾಕಿದಾಗಲೂ ಕೊಡುತ್ತಾರೆ.

ನಾನು ಮಕ್ತಲದವಳು, ತೆಲಂಗಾಣದೊಳಗಿನ ಗಡಿಯ ಊರು. ಚಿಕ್ಕಂದಿನಲ್ಲಿ ಕೆಲವು ವರ್ಷ ಗದ್ವಾಲದ ಒಂದು ಹಾಸ್ಟೆಲಿನಲ್ಲಿದ್ದೆ. ಅಲ್ಲಿಯ ವಾರ್ಡನ್ ಅಮ್ಮ ಬೆಳಗಿನ ಗಂಟೆ ಹೊಡೆದ ಮೇಲೆ ಕಣ್ಣು ಮುಚ್ಚಿಕೊಂಡು ನಮ್ಮ ಟ್ರಂಕಿಗೆ ಕೈ ಹಾಕುತ್ತಿದ್ದರು. ಬಾಚಣಿಗೆ ಎಂದರೆ ಬಾಚಣಿಗೆ ಸಿಗಬೇಕು, ಸೋಪು ಎಂದರೆ ಸೋಪು. ಸಿಗದಿದ್ದರೆ ಆ ಹುಡುಗಿ ಅಂದು ನಿಂತುಕೊಂಡೇ ಊಟ ಮಾಡಬೇಕು. ನಾನು ಒಂದು ದಿನವೂ ನಿಂತು ಉಣ್ಣಲಿಲ್ಲ. ಮಾತಿನ ತೆಲುಗು ಅಲ್ಲೇ ಬಂತು. ಪರೀಕ್ಷೆಗಳನ್ನು ಕನ್ನಡದಲ್ಲೇ ಬರೆದಿದ್ದರಿಂದ ಬರೆಯುವ ತೆಲುಗು ಅರ್ಧಕ್ಕೇ ನಿಂತಿತು. ರಾಯಚೂರಿನಲ್ಲಿ ಟ್ರೇನಿಂಗ್ ಮುಗಿಸಿ ಮಕ್ತಲದ ಕನ್ನಡ ಮೀಡಿಯಂ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಮೂವತ್ತಕ್ಕೂ ಹೆಚ್ಚು ವರ್ಷ ದುಡಿದೆ. ಒಂದು ದಿನವೂ ತಡವಾಗಿ ಹೋಗಿಲ್ಲ. ಬಾಯಿಪಾಠ ಬರುವ ಪಾಠಕ್ಕೂ ಹಿಂದಿನ ಸಂಜೆ ಟಿಪ್ಪಣಿ ಬರೆದಿಟ್ಟಿದ್ದೇನೆ. ಜನ ಅದನ್ನು ಶಿಸ್ತು ಎಂದರು. ಎಲ್ಲವೂ ಅದರದರ ಜಾಗದಲ್ಲಿದ್ದರೆ, ನಿನಗೇನು ಗೊತ್ತು ಎಂದು ಯಾರೂ ಕೇಳುವುದಿಲ್ಲ ಎಂಬ ಲೆಕ್ಕಾಚಾರ ಅದರೊಳಗಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಂದು ಘಟನೆ ನಡೆಯಿತು. ಮಕ್ಕಳ ಹಾಜರಿಯ ತಖ್ತೆಯನ್ನು ತೆಲುಗಿನಲ್ಲಿ ಬರೆದು ಕಚೇರಿಗೆ ಒಯ್ದಿದ್ದೆ. ನಮ್ಮ ಅಕ್ಷರವನ್ನೂ ತೆಲುಗು ಅಕ್ಷರವನ್ನೂ ಬಲ್ಲವರಿಗೆ ಇದು ಗೊತ್ತು: ತ, ಗ, ನ ಮುಂತಾದವುಗಳ ಮೈ ಎರಡರಲ್ಲೂ ಒಂದೇ. ತಲೆಕಟ್ಟು ಮಾತ್ರ ಬೇರೆ. ನಮ್ಮದು ಅಡ್ಡಗೆರೆ, ತುದಿಯಲ್ಲೊಂದು ಸಣ್ಣ ಕೊಂಡಿ. ತೆಲುಗಿನದು ನಾವು ಸರಿ ಉತ್ತರಕ್ಕೆ ಹಾಕುವ ಗುರುತಿನ ಹಾಗೆ. ಅವಸರದಲ್ಲಿ ನನ್ನ ಕೈ ಪುಟದ ತುಂಬ ಕನ್ನಡದ ತಲೆಕಟ್ಟು ಹಾಕಿತ್ತು. ಅಲ್ಲಿದ್ದ ಗುಮಾಸ್ತ ಹಾಳೆಯನ್ನು ಎತ್ತಿ ಪಕ್ಕದವರಿಗೆ ತೋರಿಸಿದ.

“ಚೂಡಂಡಿ ಸಾರ್, ಮೇಡಂ ಅಕ್ಷರಾಲಕು ಕನ್ನಡ ಟೋಪಿಲು ಪೆಟ್ಟಿಂಡ್ರು.”

ಮೇಡಂ ಅಕ್ಷರಗಳಿಗೆ ಕನ್ನಡ ಟೋಪಿ ಹಾಕಿದ್ದಾರೆ ಎಂದು ಅದರ ಅರ್ಥ. ನಾಲ್ಕು ಮಂದಿ ನಕ್ಕರು. ಪಕ್ಕದವನು ಕನ್ನಡ ಬಲ್ಲವನು. ಅವನು ನನ್ನತ್ತ ತಿರುಗಿ, “ಅಕ್ಷರಕ್ಕ ಹಾಕಿದ್ರ ಹಾಕ್ರಿ, ಸರ್ಕಾರಕ್ಕ ಹಾಕಬ್ಯಾಡ್ರಿ ಮತ್ತ” ಎಂದ. ಮತ್ತೆ ನಕ್ಕರು. ಟೋಪಿ ಹಾಕುವುದೆಂದರೆ ಮೋಸ ಮಾಡುವುದು, ಎರಡೂ ಭಾಷೆಗಳಲ್ಲಿ. ಅವರು ನನಗೆ ಕೇಡು ಬಯಸಿರಲಿಲ್ಲ. ಆ ಗುಮಾಸ್ತ ನನಗೆ ಚಹಾ ತರಿಸಿದ. ತಖ್ತೆಯನ್ನು ತಾನೇ ತಿದ್ದಿಕೊಂಡ. ಸಂಜೆಯ ಹೊತ್ತಿಗೆ ಅವರು ಮರೆತಿರಬೇಕು.

ನಾನು ಮರೆಯಲಿಲ್ಲ. ಯಾರಾದರೂ ನನ್ನ ಪಾಠ ಚೆನ್ನಾಗಿತ್ತು ಎಂದರೆ, ಇವರಿಗೂ ಟೋಪಿ ಹಾಕಿದೆ ಅನ್ನಿಸುತ್ತಿತ್ತು. ಹತ್ತನೆಯ ತರಗತಿಯಲ್ಲಿ ಮಕ್ಕಳೆಲ್ಲ ಪಾಸಾದ ವರ್ಷ ಊರಿನವರು ಶಾಲು ಹೊದಿಸಿದರು. ಮನೆಗೆ ಬಂದು ಶಾಲು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅದನ್ನು ಮತ್ತೆ ಹೊರಗೆ ತೆಗೆದಿಲ್ಲ. ಈಚೆಗೆ ಪತ್ರಿಕೆಯ ಪುರವಣಿಯೊಂದರಲ್ಲಿ ಇದಕ್ಕೆ ಇಂಪೋಸ್ಟರ್ ಸಿಂಡ್ರೋಮ್ ಎಂಬ ಹೆಸರಿದೆ ಎಂದು ಓದಿದೆ. ತನ್ನ ಯೋಗ್ಯತೆಯನ್ನು ತಾನೇ ನಂಬದೆ, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂದು ಹೆದರಿಕೊಂಡಿರುವುದು. ಹೆಂಗಸರಲ್ಲಿ ಹೆಚ್ಚು ಎಂದು ಬರೆದಿದ್ದರು. ಉಪಾಯಗಳನ್ನೂ ಕೊಟ್ಟಿದ್ದರು. ದಿನವೂ ಕನ್ನಡಿಯ ಮುಂದೆ ನಿಂತು ‘ನಾನು ಅರ್ಹಳು’ ಎಂದು ಹೇಳಿಕೊಳ್ಳಬೇಕು ಎಂಬುದು ಮೊದಲನೆಯದು. ಒಂದು ತಿಂಗಳು ಬಿಡದೆ ಮಾಡಿದೆ, ಸ್ನಾನಕ್ಕೂ ದೀಪ ಹಚ್ಚುವುದಕ್ಕೂ ನಡುವೆ, ಐದೂವರೆಗೆ. ತಪ್ಪದೆ ಮಾಡಿದ್ದೊಂದೇ ಸಾಧನೆ.

ತೆಲಂಗಾಣ ಬೇರೆ ರಾಜ್ಯವಾಗುವುದಕ್ಕೆ ಸ್ವಲ್ಪ ಮೊದಲು ನಮ್ಮ ಶಾಲೆಯ ಹೆಡ್‌ಮಾಸ್ತರರು ನಿವೃತ್ತರಾದರು. ಉಳಿದವರಲ್ಲಿ ನಾನೇ ಹಿರಿಯಳು. ನನ್ನನ್ನು ಇನ್‌ಚಾರ್ಜ್ ಮಾಡಿದರು. ಹೆಡ್‌ಮಾಸ್ತರರ ಕುರ್ಚಿಯ ಬೆನ್ನಿಗೆ ಒಂದು ಬಿಳಿ ಟವೆಲ್ ಹಾಸುವುದು ನಮ್ಮ ಕಡೆಯ ಪದ್ಧತಿ. ದೊಡ್ಡವರ ಕುರ್ಚಿ ಎಂದು ಗುರುತು. ನಾನು ಪ್ರತಿ ಶನಿವಾರ ಆ ಟವೆಲನ್ನು ಮನೆಗೆ ಒಯ್ದು, ಒಗೆದು, ಸೋಮವಾರ ತಂದು ಹಾಸುತ್ತಿದ್ದೆ. ಕುರ್ಚಿಯಲ್ಲಿ ಮಾತ್ರ ಕೂಡಲಿಲ್ಲ. ಮೇಜಿನ ಪಕ್ಕಕ್ಕೆ ಕಟ್ಟಿಗೆಯ ಕುರ್ಚಿ ಹಾಕಿಸಿಕೊಂಡು ಅಲ್ಲಿಂದಲೇ ಸಹಿ ಮಾಡಿದೆ.

ನಮ್ಮ ಜವಾನ ವಯಸ್ಸಾದವನು, ಬಾಯಿ ಬಿಗಿ ಇಲ್ಲದವನು. ಒಂದು ದಿನ ಕಸ ಹೊಡೆಯುತ್ತ ಕೇಳಿದ:

“ಮೇಡಂರೀ, ಆ ಕುರ್ಚಿ ಯಾರಿಗಂತ ಖಾಲಿ ಇಟ್ಟೀರಿ? ನಿಜಾಮ ಸಾಬ ತಿರಗಿ ಬರ್ತಾನೇನ್ರಿ?”

“ಪರ್ಮನೆಂಟ್ ಹೆಡ್‌ಮಾಸ್ತರ್ ಬರ್ತಾರ. ನೀ ಕಸ ಹೊಡಿ.”

“ಬರೂತನ ಅದಕ್ಕ ಅರಿವಿ ಒಗಿಯಾಕ ನೀವು. ಚೊಲೋ ಐತ್ರಿ ನೌಕರಿ.”

ರಾಜ್ಯವಾದ ದಿನ ಶಾಲೆಯಲ್ಲಿ ಬಾವುಟ ಹಾರಿಸಬೇಕಿತ್ತು. ನಮ್ಮ ರಾಜ್ಯ ನಮಗೆ ಬಂತು, ಇನ್ನು ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಎಂದು ಊರೆಲ್ಲ ಗುಲಾಲು. ಹಗ್ಗ ಎಳೆಯಬೇಕಾದವಳು ನಾನು. ಎಳೆಯುವ ಹೊತ್ತಿಗೆ ಹಗ್ಗವನ್ನು ಡ್ರಿಲ್ ಮಾಸ್ತರರ ಕೈಗೆ ಕೊಟ್ಟೆ. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಮಕ್ಕಳು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಅದರ ಮುಂದಿನ ತಿಂಗಳುಗಳಲ್ಲಿ ನನ್ನ ಬಡ್ತಿಯ ಕಾಗದ ಬಂತು. ನಾರಾಯಣಪೇಟೆಯ ಹತ್ತಿರದ ಒಂದು ತೆಲುಗು ಮೀಡಿಯಂ ಹೈಸ್ಕೂಲು. ನನ್ನ ಮನೆಯವರನ್ನು ಕೇಳಿದೆ. ಅವರು “ಬೇಕಾದ್ರ ತಗೋ, ಬ್ಯಾಡಾದ್ರ ಬಿಡು” ಎಂದರು. ಬೇಡ ಎಂದಿದ್ದರೆ ಜಗಳವಾಡಿ ಹೋಗುತ್ತಿದ್ದೆನೇನೋ. ನಾಟ್ ವಿಲ್ಲಿಂಗ್ ಪತ್ರಕ್ಕೆ ಎರಡು ಸಾಲು ಸಾಕು: ಬಡ್ತಿ ಬಂದಿದೆ, ಸಂಸಾರದ ಕಾರಣಗಳಿಂದ ಒಪ್ಪಲಾರೆ. ಎಲ್ಲರೂ ಬರೆಯುವುದು ಅಷ್ಟೇ. ನನಗೆ ಸಂಸಾರದ ಕಾರಣ ಯಾವುದೂ ಇರಲಿಲ್ಲ. ಸುಳ್ಳು ಬರೆಯಲು ಮನಸ್ಸಾಗದೆ ಮೂರನೆಯ ಸಾಲು ಸೇರಿಸಿದೆ: “ಈ ಪದವಿಕಿ ನೇನು ತಗನು.” ಈ ಹುದ್ದೆಗೆ ನಾನು ತಕ್ಕವಳಲ್ಲ.

ಅಕ್ಷರ ದುಂಡಾಗಿತ್ತು, ಅಂಚು ಸರಿಯಾಗಿತ್ತು. ಶಾಲೆಯ ಇನ್ನೊಬ್ಬ ಶಿಕ್ಷಕಿ ಅದರ ಝೆರಾಕ್ಸ್ ಮಾಡಿಸಿಕೊಂಡಳು. ಮುಂದೆ ತನಗೂ ಬೇಕಾಗಬಹುದು ಎಂದಳು. ಅವಳಿಂದ ಮತ್ತೊಬ್ಬಳಿಗೆ ಹೋಯಿತು. ನಾನು ತಡೆಯಲಿಲ್ಲ. ನಿವೃತ್ತಳಾದ ಮೇಲೆ ನಾರಾಯಣಪೇಟೆಯಲ್ಲಿ ಮನೆ ಮಾಡಿದೆ. ಗದ್ವಾಲ ಜಿಲ್ಲೆಯಾಯಿತು, ಆಮೇಲೆ ನಾರಾಯಣಪೇಟೆಯೂ ಜಿಲ್ಲೆಯಾಯಿತು. ಬಡ್ತಿಗಳು ವರ್ಷಗಟ್ಟಲೆ ನಿಂತುಹೋಗಿದ್ದವು. ಆ ಪತ್ರವನ್ನು ನಾನು ಹೆಚ್ಚುಕಡಿಮೆ ಮರೆತಿದ್ದೆ.

ಬಡ್ತಿಗಳು ಮತ್ತೆ ಶುರುವಾದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಳಗಿನ ಮೊದಲ ಬಸ್ಸಿಗೆ ಬಂದಳು. ನರ್ವದ ಕಡೆಯ ಹಳ್ಳಿಯವಳು, ಕುರಿ ಕಾಯುವವರ ಮನೆ. ಅವಳ ಅಪ್ಪ ಬೀರಪ್ಪ ದೇವರ ಪೂಜೆಯ ದಿನ ಬಿಟ್ಟರೆ ಊರಲ್ಲಿ ಇರುತ್ತಿರಲಿಲ್ಲ. ಇವಳು ಆರನೆಯ ತರಗತಿಯಲ್ಲಿದ್ದಾಗ ನಾನು ಹಲಗೆಯ ಮೇಲೆ ಕೂಡುವ ಲೆಕ್ಕ ಬಿಡಿಸುತ್ತಿದ್ದೆ. ಹಿಂದಿನ ಸಾಲಿನಿಂದ ಎದ್ದು, “ಟೀಚರ್, ಕೈಯಾಗಿನ ಒಂದು ಬಿಟ್ಟೀರಿ” ಎಂದಳು. ಬಿಟ್ಟಿದ್ದು ನಿಜ. ಅಂದಿನಿಂದ ನಾನು ಹಲಗೆಯ ಮೇಲೆ ಲೆಕ್ಕ ಮುಗಿಸಿ ಮೊದಲು ಅವಳ ಮುಖ ನೋಡುತ್ತಿದ್ದೆ. ಮುಂದೆ ಅವಳು ಗಣಿತದ ಶಿಕ್ಷಕಿಯಾದಳು, ಮಕ್ತಲದಲ್ಲಿ, ನಾನಿದ್ದ ಕನ್ನಡ ಶಾಲೆಯಲ್ಲೇ, ನನ್ನ ಜೊತೆಗೇ. ಅವಳಿಗಿಂತ ಚೆನ್ನಾಗಿ ಗಣಿತ ಹೇಳಿಕೊಡುವವರನ್ನು ನಾನು ನೋಡಿಲ್ಲ.

ಈಗ ಅವಳ ತಲೆಯಲ್ಲೂ ಬಿಳಿ ಕೂದಲು. ಧರೂರಿನ ಹತ್ತಿರದ ಒಂದು ಹೈಸ್ಕೂಲಿಗೆ ಹೆಡ್‌ಮೇಡಂ ಆಗಿ ಬಡ್ತಿ ಬಂದಿದೆ ಎಂದಳು. ನನಗೆ ಕುರ್ಚಿಯಿಂದ ಎದ್ದು ನಿಲ್ಲುವಷ್ಟು ಸಂತೋಷವಾಯಿತು. ಸಕ್ಕರೆ ಡಬ್ಬಿ ತೆಗೆಯಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವಳು ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದಳು.

“ಇದನ್ನ ಸ್ವಲ್ಪ ನೋಡಿ ಕೊಡ್ರಿ ಟೀಚರ್. ಇವತ್ತ ಐದರೊಳಗ ಗದ್ವಾಲದ ಆಫೀಸಿಗೆ ಮುಟ್ಟಿಸಬೇಕು. ತೆಲುಗು ತಪ್ಪಾಗಿದ್ರ ತಿದ್ದ್ರಿ.”

ಮೂರು ಸಾಲು. ಓದುವ ಮೊದಲೇ ಗುರುತು ಹಿಡಿದೆ. ಕೈಬರಹ ಅವಳದು, ಸಾಲುಗಳು ನನ್ನವು. ‘ತಗನು’ ಎಂಬಲ್ಲಿ ಮಾತ್ರ ಮೂರೂ ಅಕ್ಷರಕ್ಕೆ ಕನ್ನಡದ ತಲೆಕಟ್ಟು. ನಾನು ಅಷ್ಟು ಜಾಗ್ರತೆಯಿಂದ ಬರೆದ ಪತ್ರದಲ್ಲೂ ಆ ಒಂದು ಪದದಲ್ಲಿ ಕೈ ತಪ್ಪಿತ್ತು ಎಂದು ನನಗೆ ತಿಳಿದದ್ದೇ ಆಗ. ಝೆರಾಕ್ಸಿನಿಂದ ಕೈಬರಹಕ್ಕೆ, ಕೈಬರಹದಿಂದ ಝೆರಾಕ್ಸಿಗೆ, ಎಷ್ಟು ಹೆಂಗಸರ ಕೈ ದಾಟಿ ಬಂದಿತ್ತೋ ಗೊತ್ತಿಲ್ಲ.

“ಇದು ಎಲ್ಲಿ ಸಿಕ್ತು ನಿನಗ?”

“ಸ್ಟಾಫ್ ರೂಮಿನ ಫೈಲಿನಾಗ ಐತ್ರಿ. ಎಲ್ಲಾರೂ ಅದನ್ನೇ ನೋಡಿ ಬರಿತಾರ.”

“ಇದು ನಾ ಬರೆದದ್ದು.”

“ಗೊತ್ತೈತ್ರಿ. ಅದಕ್ಕ ನಿಮ್ಮ ಹತ್ರನೇ ತಂದೀನಿ.”

ನಾನು ಹಾಳೆಯನ್ನು ಮಗುಚಿ ಇಟ್ಟೆ. ತಿದ್ದುವುದಿಲ್ಲ ಎಂದೆ. ನೀನು ಹೋಗಬೇಕು ಎಂದೆ. ನಿನಗೇನು ಕಡಿಮೆ ಎಂದು ಕೇಳಿದೆ. ಅವಳು ನಿಧಾನವಾಗಿ ಚಹಾ ಕುಡಿದಳು.

“ಅಲ್ಲಿ ಎಲ್ಲಾ ತೆಲುಗುರೀ. ಮೀಟಿಂಗು, ಫೈಲು, ಪ್ರೇಯರಿನಾಗ ಭಾಷಣ. ನಾ ಮಾತಾಡ್ತೀನಿ, ಬರಿಯಾಕ ಹೋದ್ರ ಕೈ ಕನ್ನಡಕ್ಕ ಹೊರಳ್ತೈತಿ. ಲೆಕ್ಕ ಒಂದು ಬರ್ತೈತಿ ನನಗ. ಅದೂ ಹುಡುಗರ ಲೆಕ್ಕ.”

“ಬರಿಯೂದು ಕಲೀಬಹುದು. ಆರು ತಿಂಗಳ ಕೆಲಸ.”

“ನೀವು ಕಲಿತ್ರೇನ್ರಿ?”

ಅವಳು ತಪ್ಪು ತಿಳಿಯಬೇಡಿರಿ ಎಂಬಂತೆ ನನ್ನ ಮೊಣಕೈ ಮುಟ್ಟಿದಳು.

“ಟೀಚರ್, ನೀವು ನನಗಿಂತ ಹತ್ತು ಪಾಲು ಶಾಣ್ಯಾರು. ನಿಮ್ಮ ಟೇಬಲ್ ನೋಡಿ ನಾವು ನಮ್ಮ ಟೇಬಲ್ ಜೋಡಿಸಿದವರು. ನೀವೇ ಆ ಕುರ್ಚಿಯಾಗ ಕೂಡಲಿಲ್ಲ. ಟವೆಲ್ ಒಗದು ಹಾಸಿದ್ರಿ, ಮಗ್ಗುಲಿಗೆ ಕುಂತ್ರಿ. ನಾವೆಲ್ಲ ನೋಡೀವಿ. ನೀವೇ ತಕ್ಕವರಲ್ಲಂದ್ರ ನಾ ಹೆಂಗ ತಕ್ಕವಳಾಗ್ತೀನ್ರಿ?”

ಆಗ ನಾನು ಅವಳಿಗೆ ಎಲ್ಲ ಹೇಳಬೇಕಿತ್ತು. ಹೇಳಿದೆ ಕೂಡ. ಗುಮಾಸ್ತನ ಟೋಪಿಯ ಮಾತು, ಶಾಲಿನ ಮಾತು, ಬಾವುಟದ ಹಗ್ಗದ ಮಾತು. ನಾನು ಹೆದರಿದ್ದು ತಪ್ಪು, ನನಗೆ ಆ ಕೆಲಸ ಬರುತ್ತಿತ್ತು ಎಂದೆ. ಅವಳು ಅಷ್ಟನ್ನೂ ಕೇಳಿದಳು. ಕೊನೆಗೆ, “ಹಂಗಾದ್ರ ಈಗರ ನಿಮಗ ಖಾತ್ರಿ ಐತೇನ್ರಿ, ಬರ್ತಿತ್ತು ಅಂತ?” ಎಂದಳು.

ಐತಿ ಎಂಬ ಎರಡಕ್ಷರ ಸಾಕಿತ್ತು. ನಾನು ಅವಳ ಮುಖ ನೋಡಿದೆ, ಲೆಕ್ಕ ಮುಗಿಸಿ ನೋಡುತ್ತಿದ್ದ ಹಾಗೆ. ಅವಳ ಮುಂದೆ ತಪ್ಪು ಉತ್ತರ ಕೊಡುವ ಧೈರ್ಯ ನನಗೆ ಎಂದೂ ಇರಲಿಲ್ಲ. ಖಾಲಿ ಕಪ್ಪುಗಳನ್ನು ಎತ್ತಿಕೊಂಡೆ. ಅವಳು ಹಾಳೆಯನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದಳು.

ಮಕ್ತಲದ ತನಕ ನಾನೂ ಬರುತ್ತೇನೆ ಎಂದು ಅವಳ ಜೊತೆ ಬಸ್ಸು ಹತ್ತಿದೆ. ದಾರಿಯಲ್ಲಿ ಇನ್ನೊಮ್ಮೆ ಹೇಳಿ ನೋಡುವ ಆಸೆ. ಎರಡು ಸಲ ಬಾಯಿ ತೆರೆದೆ. ಒಮ್ಮೆ ಕಂಡಕ್ಟರ್ ಬಂದ. ಇನ್ನೊಮ್ಮೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಆಗ ನನಗೆ ಗೊತ್ತಾಯಿತು, ಅವಳಿಗೆ ಆ ಹುದ್ದೆ ಬೇಕಾಗಿತ್ತು. ನನಗೂ ಬೇಕಾಗಿತ್ತು. ನನಗೆ ಬಡ್ತಿ ಬಂದ ವರ್ಷ ಅದನ್ನು ನಾನು ಒಪ್ಪಿಕೊಂಡಿರಲಿಲ್ಲ.

ಮಕ್ತಲದ ಬಸ್ ಸ್ಟ್ಯಾಂಡಿನಲ್ಲಿ ಗದ್ವಾಲದ ಬಸ್ಸಿಗೆ ಇನ್ನೂ ಸಮಯವಿತ್ತು. ಸಿಮೆಂಟಿನ ಕಟ್ಟೆಯ ಮೇಲೆ ಕುಳಿತೆವು. ಅವಳು ಹಾಳೆಯನ್ನು ಮತ್ತೆ ಹೊರಗೆ ತೆಗೆದಳು.

“ತಿದ್ದಿ ಕೊಡ್ರಿ ಟೀಚರ್. ನಾ ಕೊಡೂದು ಖರೇ. ಆದ್ರ ಅಲ್ಲಿ ಯಾರೂ ನಗಬಾರದು ನೋಡ್ರಿ.”

ಹರಿದು ಹಾಕಬಹುದಿತ್ತು. ಮೂರು ಸಾಲು ಮತ್ತೆ ಬರೆಯಲು ಅವಳಿಗೆ ಮೂರು ನಿಮಿಷ ಸಾಕು, ಹಾಗಾಗಿ ಹರಿದರೂ ಅಷ್ಟೇ ಎಂದು ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಸರಿಯೋ ನೆಪವೋ ಇಂದಿಗೂ ನಿರ್ಧರಿಸಲಾಗಿಲ್ಲ. ಕಣ್ಣ ಮುಂದೆ ಆ ಗುಮಾಸ್ತ ಹಾಳೆ ಎತ್ತಿ ತೋರಿಸುತ್ತಿದ್ದ. ನನ್ನ ಹುಡುಗಿಯನ್ನು ನೋಡಿ ನಾಲ್ಕು ಮಂದಿ ನಗುವುದು ನನಗೆ ಬೇಡವಾಗಿತ್ತು. ನನ್ನ ಪರ್ಸಿನಲ್ಲಿ ಕೆಂಪು ಪೆನ್ನು ಯಾವಾಗಲೂ ಇರುತ್ತದೆ, ಎಡಗಡೆಯ ಖಾನೆಯಲ್ಲಿ. ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗುತ್ತದೆ. ‘ತಗನು’ವಿನ ಮೂರು ಅಡ್ಡಗೆರೆಗಳನ್ನು ಹೊಡೆದು ಮೇಲೆ ಮೂರು ತೆಲುಗು ತಲೆಕಟ್ಟು ಹಾಕಿದೆ. ಮೂರು ಸರಿ ಗುರುತುಗಳ ಹಾಗೆ ಕಂಡವು.

ಮೂರನೆಯ ಸಾಲು ಬಿಟ್ಟುಬಿಡು, ಸಂಸಾರದ ಕಾರಣ ಎಂದಷ್ಟೇ ಬರೆ ಎಂದು ಹೇಳಿದೆ. ಕೊನೆಯ ಪ್ರಯತ್ನ ಅದು. ಅವಳು ತಲೆ ಅಲ್ಲಾಡಿಸಿದಳು.

“ಸುಳ್ಳ ಬರೀಬ್ಯಾಡ ಅಂತ ನೀವೇ ಕಲಿಸೀರಲ್ರಿ.”

ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಚೊಕ್ಕ ಪ್ರತಿ ಮಾಡಿದಳು. ಅಂಚು ಬಿಟ್ಟದ್ದು, ದಿನಾಂಕ ಹಾಕಿದ್ದು, ಕೆಳಗೆ ಗೆರೆ ಎಳೆದದ್ದು ಎಲ್ಲ ನಾನು ಆರನೆಯ ತರಗತಿಯಲ್ಲಿ ಹೇಳಿಕೊಟ್ಟ ಹಾಗೆಯೇ ಇತ್ತು. ನಾನು ತಿದ್ದಿದ ಹಾಳೆಯನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತು, “ಬಿಸಿಲಾಗೂದ್ರಾಗ ಮನಿ ಸೇರ್ರಿ” ಎಂದಳು.

ಸಂಜೆ ಆರಕ್ಕೆ ಫೋನ್ ಮಾಡಿದಳು. ಕೊಟ್ಟು ಬಂದೆ ಎಂದಳು. ಯಾರಾದರೂ ಏನಾದರೂ ಅಂದರೇ ಎಂದು ಕೇಳಿದೆ.

“ಏನಿಲ್ರಿ. ‘ಚಾಲ ನೀಟ್‌ಗ ರಾಸಿಂಡ್ರು ಮೇಡಂ’ ಅಂದ್ರು, ಭಾಳ ನೀಟಾಗಿ ಬರದೀರಿ ಅಂತ. ಒಂದು ತಪ್ಪಿಲ್ಲಂತ್ರಿ.”

ಪಟ್ಟಿಯಲ್ಲಿ ಅವಳ ಕೆಳಗಿದ್ದ ಒಬ್ಬರು ಆ ಶಾಲೆಗೆ ಹೆಡ್‌ಮಾಸ್ತರರಾಗಿ ಹೋದರು. ಒಳ್ಳೆಯವರಂತೆ. ಅವಳು ಮಕ್ತಲದಲ್ಲೇ ಇದ್ದಾಳೆ. ಹಬ್ಬಕ್ಕೆ ಬಂದು ಹೋಗುತ್ತಾಳೆ. ಆ ದಿನದ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಹೋದ ವಾರ ನಮ್ಮ ಜಿಲ್ಲೆಯದೇ ಮದ್ದೂರಿನ ಕಡೆಯ ಒಬ್ಬ ಶಿಕ್ಷಕಿ ಫೋನ್ ಮಾಡಿದ್ದಳು. ನನಗೆ ಪರಿಚಯವಿಲ್ಲ. ಬಡ್ತಿ ಬಂದಿದೆ, ಭಯವಾಗುತ್ತಿದೆ ಎಂದಳು.

“ಮೇಡಂರೀ, ಆ ಪತ್ರದ ತಿದ್ದಿದ ಕಾಪಿ ನಿಮ್ಮ ಹತ್ರ ಐತಂತಲ್ರಿ. ಹಳೇದ್ರಾಗ ಅಕ್ಷರ ತಪ್ಪೈತಂತ.”

ನನ್ನ ಬಳಿ ಇಲ್ಲ, ಇದ್ದರೂ ಕೊಡುವುದಿಲ್ಲ, ನೀನು ಹೋಗಿ ಆ ಕುರ್ಚಿಯಲ್ಲಿ ಕೂಡು ಎಂದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದೆ.

“ಆಗಲ್ರಿ ಮೇಡಂ,” ಎಂದಳು ಸೌಜನ್ಯದಿಂದ. “ಮಕ್ತಲದ ಲೆಕ್ಕದ ಮೇಡಂ ಹತ್ರ ಇರ್ತೈತಂತ. ಅವರನ್ನ ಕೇಳ್ತೀನ್ರಿ.”